ಕೇಳಿದ್ದಕ್ಕೆ ಕ್ರೆಡಿಟ್

ದಾಂಡೇಲಿಯ ನಮ್ಮ ಮನೆಯಲ್ಲಿ ಗಡಿಯಾರಕ್ಕಿಂತ ಕಾಗದದ ಕಾರ್ಖಾನೆಯ ಭೋಂಗಾಕ್ಕೇ ಹೆಚ್ಚು ಮರ್ಯಾದೆ. ಅದು ಕೂಗಿದರೆ ಅವ್ವ ಅಪ್ಪನ ಬುತ್ತಿ ಕಟ್ಟುತ್ತಿದ್ದಳು, ಮತ್ತೊಮ್ಮೆ ಕೂಗಿದರೆ ಅಪ್ಪ ಸೈಕಲ್ ಏರುತ್ತಿದ್ದ. ಹೀಗೆ ಕಿವಿಯನ್ನೇ ನಂಬಿ ಬೆಳೆದವಳು ನಾನು. ಆದರೂ ನೋಡಿ, ಕೇಳುವುದೂ ಒಂದು ವಿದ್ಯೆ, ಅದಕ್ಕೂ ಪಾಠವಿದೆ, ಪರೀಕ್ಷೆಯಿದೆ ಎಂದು ತಿಳಿಯಲು ನಾನು ಫಿನ್‌ಲೆಂಡಿನ ತನಕ ಹೋಗಬೇಕಾಯಿತು.

ಧಾರವಾಡದಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದಾಗ ಒಂದು ಸೆಮಿಸ್ಟರನ್ನು ಅಲ್ಲಿ ಕಳೆಯುವ ಅವಕಾಶ ಒದಗಿತ್ತು. ಅಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ಇಲ್ಲಿಯ ಪದವಿಗೆ ಸೇರಿಸಿಕೊಳ್ಳುತ್ತಾರೆ ಎಂಬುದು ಒಪ್ಪಂದ. ಆದರೆ ನನಗೆ ಗೊತ್ತುಮಾಡಿದ್ದ ವನ್ಯಜೀವಿ ಸಮೀಕ್ಷೆಯ ಕೋರ್ಸು ಆ ಸಲ ನಡೆಯಲೇ ಇಲ್ಲ. ಅದರ ಬದಲಿಗೆ ಸಿಕ್ಕಿದ್ದು ‘ಕಾಡಿನ ಸದ್ದು’ ಎಂಬ ಕೋರ್ಸು. ಮೊದಲ ದಿನವೇ ಗುರುಗಳು ನಮ್ಮನ್ನು ಹಿಮದ ನಡುವೆ ಮರದ ದಿಮ್ಮಿಗಳ ಮೇಲೆ ಕೂರಿಸಿ, ಮಾತಾಡದೆ ಕೇಳಿ ಎಂದರು. ಮೊದಮೊದಲು ಏನೂ ಕೇಳಲಿಲ್ಲ. ಆಮೇಲೆ ಕೊಂಬೆಯಿಂದ ಹಿಮ ಜಾರುವ ಸಪ್ಪಳ, ಎಲ್ಲೋ ತೊಗಟೆ ಕುಟ್ಟುವ ಹಕ್ಕಿ, ಬಹಳ ದೂರದ ಒಂದು ಕಾಗೆ, ಒಂದೊಂದಾಗಿ ಕೇಳಿಸಿದವು. ಕತ್ತಲೆಯಲ್ಲಿ ಕಣ್ಣು ಹೊಂದಿಕೊಂಡಂತೆ ಕಿವಿ ತೆರೆದುಕೊಂಡಿತು. ಸದ್ದನ್ನು ಯಂತ್ರದಲ್ಲಿ ಹಿಡಿದು, ಪರದೆಯ ಮೇಲೆ ಚಿತ್ರವಾಗಿಸಿ, ಯಾವ ಜೀವ ಎಲ್ಲಿದೆ, ಯಾವುದು ಕಡಿಮೆಯಾಗುತ್ತಿದೆ ಎಂದು ಓದುವುದನ್ನು ಕಲಿತೆ. ಹಕ್ಕಿ ಕಾಣದಿದ್ದರೂ ಲೆಕ್ಕಕ್ಕೆ ಸಿಗುತ್ತದೆ! ಆ ಸಂಭ್ರಮವನ್ನು ಹೊತ್ತುಕೊಂಡೇ ಊರಿಗೆ ಮರಳಿದೆ.

ಧಾರವಾಡದಲ್ಲಿ ಹೊರಗಿನ ಓದು ಇಲ್ಲಿಯದಕ್ಕೆ ಸಮವೇ ಎಂದು ತೀರ್ಮಾನಿಸುವ ಸಮಿತಿ ಇತ್ತು. ಅಧ್ಯಕ್ಷರು ಪಾಟೀಲ ಸರ್. ಕಡ್ಡಿ ಮುರಿದಂತೆ ಮಾತಾಡುವವರು, ಆದರೆ ಯಾರಿಗೂ ಅನ್ಯಾಯ ಮಾಡದವರು ಎಂದು ಹೆಸರಾದವರು.

“ಏನವಾ, ಈ ಕೋರ್ಸಿನ್ಯಾಗ ಏನ್ ಕಲಿಸ್ತಾರ?” ಎಂದರು.

“ಕಾಡಿನ ಸದ್ದು ಕೇಳೂದು ಕಲಿಸ್ತಾರ್ರಿ ಸರ್.”

“ಇವತ್ತ ಕೇಳೂದಕ್ಕ ಕ್ರೆಡಿಟ್ ಕೊಟ್ರ, ನಾಳೆ ನೋಡೂದಕ್ಕೂ ಕೊಡ್ರಿ ಅಂತ ಇನ್ನೊಬ್ರು ಬರ್ತಾರ.”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮೂರ ಪಕ್ಕದ ಕಾಳಿ ನದಿ ಕಣಿವೆಯ ಹಕ್ಕಿಗಳ ಅಧ್ಯಯನವೊಂದರಲ್ಲಿ ಸಹಾಯಕಿಯ ಕೆಲಸ ನನಗಾಗಿ ಕಾದಿತ್ತು. ಆದರೆ ಅದು ಆ ಬೇಸಿಗೆಯೊಳಗೆ ಪದವಿ ಮುಗಿಸಿದವರಿಗೆ ಮಾತ್ರ. ಈ ಕ್ರೆಡಿಟ್ ಬಿದ್ದುಹೋದರೆ ಸೆಮಿಸ್ಟರೂ ಹೋಯಿತು, ನಮ್ಮೂರಿನ ಕಾಡೂ ಬೇರೆಯವರ ಪಾಲಾಯಿತು.

ಆಗ ನನ್ನ ತಲೆಯಲ್ಲಿ ಸುಳಿದದ್ದು ನಮ್ಮೂರ ಸಂತೆ. ನನ್ನಜ್ಜ ಬೆಳಗಾವಿ ಕಡೆಯಿಂದ ಬಂದವನು. ಪಕ್ಕದ ಮನೆಯವರು ಜೋಯಿಡಾದ ಕೊಂಕಣಿಯವರು. ಸಂತೆಯಲ್ಲಿ ಒಬ್ಬರು ಮರಾಠಿಯಲ್ಲಿ ಕೇಳಿದರೆ ಇನ್ನೊಬ್ಬರು ಕನ್ನಡದಲ್ಲಿ ಉತ್ತರಿಸುತ್ತಾರೆ, ಬದನೆಕಾಯಿ ಚೀಲಕ್ಕೆ ಬೀಳುತ್ತದೆ. ಬೇರೆಡೆ ಕಲಿತದ್ದನ್ನು ಇಲ್ಲಿ ನಡೆಯಿಸಿಕೊಳ್ಳುವುದೇ ನಮ್ಮೂರಿನ ಬದುಕು. ಹಾಗೆ ನೋಡಿದರೆ ಕ್ರೆಡಿಟ್ ಎಂದರೆ ಮತ್ತೇನು, ಗೆಳೆಯರೇ? ಒಂದು ಊರಿನ ಮಾತನ್ನು ಇನ್ನೊಂದು ಊರು ನಂಬುವುದು. ಆದರೆ ಆ ನಂಬಿಕೆ ಹುಟ್ಟಬೇಕಾದರೆ ಮೊದಲು ಎರಡೂ ಊರು ಎದುರುಬದುರು ಕೂರಬೇಕಲ್ಲ.

ಯೋಚಿಸುವ ಮೊದಲೇ ಬಾಯಿ ಆಡಿಬಿಟ್ಟಿತು: “ಸರ್, ಒಂದ್ಸಲ ನಮ್ಮೂರ ಹತ್ರ ಕುಳಗಿ ಕಾಡಿಗೆ ಬರ್ರಿ. ಅಲ್ಲೇ ಪರೀಕ್ಷಾ ಮಾಡ್ರಿ ನನ್ನ.”

ಸಮಿತಿಯಲ್ಲಿದ್ದ ಹಿರೇಮಠ ಮೇಡಂ, ಮುಂಡಗೋಡದ ಹತ್ತಿರದ ಪಾಳಾ ಊರಿನವರು, ಕುರ್ಚಿಯಿಂದ ಮುಂದೆ ಬಾಗಿದರು. “ಹೋಗೂಣು ನಡೀರಿ ಸರ್. ಕಾಗದದ ಮ್ಯಾಲ ಎಷ್ಟಂತ ಕಾಡು ನೋಡೂದು?”

ಒಂದು ಶನಿವಾರ ಬೆಳಕು ಹರಿಯುವ ಹೊತ್ತಿಗೆ ಅವರಿಬ್ಬರೂ ಕುಳಗಿಗೆ ಬಂದರು. ಇಬ್ಬರಿಗೂ ಬಿಳಿ ಹಾಳೆ ಕೊಟ್ಟು, ನಡುವೆ ಒಂದು ಚುಕ್ಕೆ ಇಡಿಸಿದೆ. “ಇದು ನೀವ್ರಿ. ಯಾವ ಸದ್ದು ಯಾವ ಕಡೆಯಿಂದ ಬಂತೋ ಅಲ್ಲೊಂದು ಗುರ್ತು ಹಾಕ್ರಿ. ಮಾತಾಡಬ್ಯಾಡ್ರಿ.” ಗುರುಗಳಿಗೇ ಮಾತಾಡಬೇಡಿ ಎಂದುಬಿಟ್ಟಿದ್ದೆ.

ಪಾಟೀಲ ಸರ್ ಮೊದಲು ಗಡಿಯಾರ ನೋಡಿಕೊಂಡರು. ಆಮೇಲೆ ಕುಟ್ರು ಹಕ್ಕಿಯೊಂದು ಸುರುಮಾಡಿತು, ಪೆನ್ನು ಅಲುಗಾಡಿತು. ಹಳ್ಳದ ಕಡೆಯಿಂದ ಯಾರೋ ಪೋರ ಸಿಳ್ಳೆ ಹಾಕಿದಂತೆ ಒಂದು ಹಕ್ಕಿ, ಮೇಲೆಲ್ಲೋ ಕೆಂದಳಿಲಿನ ಗದರಿಕೆ. ಹಾಳೆಯಲ್ಲಿ ಗುರುತುಗಳು ಮೂಡತೊಡಗಿದವು. ಅಷ್ಟರಲ್ಲಿ ಮರಗಳಾಚೆಯಿಂದ ಭಾರವಾದ, ಉಸಿರೆಳೆದು ಬಿಟ್ಟಂಥ ಒಂದು ಸದ್ದು ನಮ್ಮತ್ತ ಬರತೊಡಗಿತು. ಹುಸ್ಸ್, ಹುಸ್ಸ್, ಹುಸ್ಸ್. ಸರ್ ಥಟ್ಟನೆ ತಲೆಯೆತ್ತಿದರು. ಸದ್ದು ಬಂದ ದಿಕ್ಕಿಗೇ ಅವರ ದೃಷ್ಟಿ ಕಾದು ನಿಂತಿತು. ಆಮೇಲೆ ಮರಗಳ ತಲೆಯ ಮೇಲಿಂದ ದೊಡ್ಡ ಮಂಗಟ್ಟೆ ಹಕ್ಕಿಯ ಜೋಡಿ, ಹಳದಿ ಕೊಕ್ಕು ಎಳೆಬಿಸಿಲಿಗೆ ಹೊಳೆಯುತ್ತ, ಹಾದುಹೋಯಿತು.

“ರೆಕ್ಕಿ ಸಪ್ಪಳೇನ ಅದು!” ಎಂದು ಸರ್ ಕೂಗಿಯೇಬಿಟ್ಟರು.

“ಮಾತಾಡಬ್ಯಾಡ್ರಿ ಸರ್,” ಎಂದು ಮೇಡಂ ಪಿಸುಗುಟ್ಟಿದರು.

ಆದರೆ ಪಾಟೀಲ ಸರ್ ಅಷ್ಟಕ್ಕೇ ಕರಗುವವರಲ್ಲ. “ಇದು ಅನುಭವ ಆತು. ವಿಜ್ಞಾನ ಎಲ್ಲೈತಿ?” ಎಂದರು. ಫಿನ್‌ಲೆಂಡಿನಿಂದ ಮರಳಿದ ಮೇಲೆ ಅರಣ್ಯ ಇಲಾಖೆಯ ಅನುಮತಿ ಪಡೆದು ನಾನು ಕುಳಗಿಯಲ್ಲೂ ಸೂಪಾದ ಹಿನ್ನೀರಿನ ಅಂಚಿನಲ್ಲೂ ಹಿಡಿದಿಟ್ಟಿದ್ದ ಸದ್ದುಗಳನ್ನು ಲ್ಯಾಪ್‌ಟಾಪಿನಲ್ಲಿ ತೆರೆದೆ. ಗಾಳಿಯ ಸದ್ದು ಪರದೆಯ ಮೇಲೆ ಮಂಜಿನಂತೆ ಹರಡಿಕೊಂಡರೆ, ರೆಕ್ಕೆಬಡಿತ ಮಾತ್ರ ಒಂದೇ ಅಂತರದ ಗೆರೆಗಳಾಗಿ ನಿಲ್ಲುತ್ತಿತ್ತು. ಹಿನ್ನೀರಿನ ಅಂಚಿನಲ್ಲಿ ಆ ಗೆರೆಗಳು ಎಷ್ಟು ವಿರಳ ಎಂದು ತೋರಿಸಿದೆ. ಅವರು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರು. ಹಾರಿದ್ದು ಅದೇ ಹಕ್ಕಿ ಮರಳಿ ಬಂದದ್ದೋ, ಬೇರೆಯದೋ, ಹೇಗೆ ಹೇಳುತ್ತಿ ಎಂದಾಗ ನಾನು ಇದ್ದದ್ದನ್ನೇ ಹೇಳಿದೆ. “ಗೊತ್ತಾಗೂದಿಲ್ರಿ ಸರ್. ಅದನ್ನ ಹೇಳಾಕ ಸದ್ದೊಂದ ಸಾಲೂದಿಲ್ಲ.”

ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. “ಇದನ್ನ ಹೇಳಾಕ ಬಂತಲ್ಲ, ನೀ ಕಲ್ತೀ ಅಂತಾತು,” ಎಂದರು.

ಕೋರ್ಸು ಸಮವೆಂದು ಒಪ್ಪಿಗೆಯಾಯಿತು. ಸುಳ್ಳೇಕೆ ಹೇಳಲಿ, ಎಲ್ಲವೂ ಒಪ್ಪಿಗೆಯಾಗಲಿಲ್ಲ: ಅಲ್ಲಿಯ ಭಾಷೆಯ ಕ್ರೆಡಿಟ್ ಬಿಟ್ಟುಹೋಯಿತು, ಸಂಖ್ಯಾಶಾಸ್ತ್ರದ ಒಂದು ಪತ್ರಿಕೆಯನ್ನು ಧಾರವಾಡದಲ್ಲೇ ಕೂತು ಬರೆಯಬೇಕಾಯಿತು. ಬರೆದೆ, ಪಾಸಾದೆ, ಬೇಸಿಗೆ ಮುಗಿಯುವ ಮೊದಲು ಕಾಳಿ ಕಣಿವೆಯ ಕೆಲಸ ನನ್ನದಾಯಿತು.

ಕೆಲಸಕ್ಕೆ ಸೇರಿದ ಮೊದಲ ವಾರ, ನಾನು ಚಹಾ ಕುಡಿಯುತ್ತಿದ್ದಾಗ ಫೋನು ರಿಂಗಾಯಿತು. ಪಾಟೀಲ ಸರ್! ನಮಸ್ಕಾರ ಎಂದೆ, ಉತ್ತರವಿಲ್ಲ. ಹಲೋ ಎಂದೆ, ಅದಕ್ಕೂ ಇಲ್ಲ. ಗಾಬರಿಯಾಗುವಷ್ಟರಲ್ಲಿ ಆಚೆಯಿಂದ ಹಕ್ಕಿಯೊಂದು ಎರಡು ಸಲ ಕೂಗಿತು. ಆಮೇಲೆ ಗೊತ್ತಾಯಿತು, ಸರ್ ಧಾರವಾಡದಲ್ಲಿ ತಮ್ಮ ಮನೆಯ ಮಾಳಿಗೆ ಹತ್ತಿ, ಫೋನನ್ನು ಗಾಳಿಗೆ ಹಿಡಿದು ನಿಂತಿದ್ದರು.

“ಕೇಳಿಸ್ತೇನವಾ?” ಎಂದು ಸಣ್ಣ ದನಿಯಲ್ಲಿ ಕೇಳಿದರು. “ಯಾವ ಹಕ್ಕಿ ಇದು?”

“ಇನ್ನೊಂದೀಟು ಹಂಗ ಹಿಡ್ಕೊಳ್ರಿ ಸರ್,” ಎಂದು ನಾನು ಚಹಾದ ಕಪ್ಪನ್ನು ಸದ್ದಾಗದಂತೆ ಕೆಳಗಿಟ್ಟೆ.