ಅಕ್ಕ ಕೂರುತ್ತಿದ್ದ ಬಾಗಿಲು

ಹೂ ಅಳೆಯುವುದರಲ್ಲಿ ನಮ್ಮಕ್ಕನ ಕೈ ಉದ್ದ. ಬೇರೆ ಹೂವಿನವರು ಮೊಣಕೈ ಮುಟ್ಟುವ ಮೊದಲೇ ದಾರ ಮಡಚಿ ಅದನ್ನೇ ಮೊಳ ಎನ್ನುತ್ತಿದ್ದರು. ಅಕ್ಕ ಮೊಣಕೈ ದಾಟಿಸಿ, ಮೇಲೆ ನಾಲ್ಕು ಹೂ ಕೊಸರು ಬಿಟ್ಟು ಕತ್ತರಿಸುತ್ತಿದ್ದಳು. ನಷ್ಟ ಅಲ್ವಾ ಎಂದು ಕೇಳಿದರೆ, "ಮುಡ್ಕೊಳ್ಳೋಳು ಕನ್ನಡಿ ಮುಂದೆ ನಿಂತು ನನ್ನ ಬೈಕೋಬಾರ್ದು ಕಣೋ" ಎನ್ನುತ್ತಿದ್ದಳು.

ಗಂಡ ಬಿಟ್ಟು ಹೋದ ಮೇಲೆ ಅವಳು ಚಿಕ್ಕಬಳ್ಳಾಪುರದಲ್ಲಿ ನನ್ನ ಜೊತೆಗೇ ಇದ್ದಳು. ನಾನು ಏಳನೇ ಕ್ಲಾಸಿಗೆ ಓದು ಬಿಟ್ಟು ವೆಲ್ಡಿಂಗ್ ಕಲಿತವನು. ಅಂಗಡಿಗಳಿಗೆ ರೋಲಿಂಗ್ ಶಟರ್ ಕೂರಿಸುವುದು ನನ್ನ ಕೆಲಸ. ಮನೆ ಕಟ್ಟುವಾಗ ಬಿಂದಿಗೆ ಹೊತ್ತು ಗೋಡೆಗಳಿಗೆ ನೀರು ಹೊಡೆದವಳು ಅಕ್ಕ. ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆ ಅವಳದಾಯಿತು. ಹೊಸ್ತಿಲ ಒಳಗೆ ಕೂತು ಕಾಕಡ, ಕನಕಾಂಬರ ಕಟ್ಟುವಳು. ಚೌಕಾಸಿ ಮಾಡುವವರನ್ನು ಅಣಕಿಸುವಳು, ಆಮೇಲೆ ಅವರಿಗೇ ಹೆಚ್ಚು ಕೊಸರು ಕೊಡುವಳು. ಬೆಳಗಾದರೆ ಬೀದಿಯ ಹೆಂಗಸರೆಲ್ಲ ಆ ಬಾಗಿಲಲ್ಲಿ.

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ಕೆಲಸ ಶುರುವಾದದ್ದೇ ತಡ, ನಮ್ಮೂರಿಗೆ ಹುಚ್ಚು ಹಿಡಿಯಿತು. ಅಲ್ಲಿ ಮನೆ ಸಿಗದವರು ಇಲ್ಲಿಗೆ ಬಂದರು. ಜನ ದನದ ಕೊಟ್ಟಿಗೆಗೂ ಸುಣ್ಣ ಬಳಿದು ಅಡ್ವಾನ್ಸ್ ಕೇಳಿದರು. ವಿಮಾನ ಹತ್ತುವವರು ಯಾರೋ, ಬಾಡಿಗೆ ಏರಿದ್ದು ಮಾತ್ರ ನಮ್ಮ ತಲೆಯ ಮೇಲೆ. ಇದನ್ನು ಬೈಯಲು ನನಗೆ ಬಾಯಿಲ್ಲ. ಏರಿಸಿದವರಲ್ಲಿ ನಾನೂ ಒಬ್ಬ.

ಸೈಟ್ ಮಾರುವವನೊಬ್ಬ ಆಫೀಸಿಗೆಂದು ನಮ್ಮ ಮುಂದಿನ ಕೋಣೆ ಕೇಳಿದ. ಅವನು ಹೇಳಿದ ಬಾಡಿಗೆ ನನ್ನ ತಿಂಗಳ ದುಡಿಮೆಗಿಂತ ಹೆಚ್ಚು. ಆ ದಿನ ಊಟಕ್ಕೆ ಕೂತಾಗ ನಾನು ಅಕ್ಕನಿಗೆ ಗೌರಿಬಿದನೂರನ್ನು ಹೊಗಳತೊಡಗಿದೆ. ಅಲ್ಲಿ ಬಾಡಿಗೆ ಅರ್ಧ, ತರಕಾರಿ ಅಗ್ಗ, ಚಿಕ್ಕಮ್ಮನ ಮನೆಯೂ ಹತ್ತಿರ ಎಂದೆ. ಬಡಿಸುತ್ತಿದ್ದ ನನ್ನ ಹೆಂಡತಿಯ ಕೈ ನಿಂತಿತು.

ಅಕ್ಕ ಮುದ್ದೆ ಮುರಿಯುತ್ತಾ ಕೇಳಿದಳು: "ಕೇಳ್ತಿದ್ದೀಯೋ, ಹೇಳ್ತಿದ್ದೀಯೋ?"

ನಾನು ಸಾರಿಗೆಂದು ಹೆಂಡತಿಯ ಕಡೆ ತಟ್ಟೆ ಚಾಚಿದೆ. ಅವಳು ಕೈಯಲ್ಲಿದ್ದ ತುತ್ತು ನುಂಗಿ ಎದ್ದಳು.

ಅವಳು ಗೌರಿಬಿದನೂರಿಗೆ ಹೋದ ವಾರವೇ ಬಾಗಿಲು ಕಿತ್ತು, ಗೋಡೆ ಒಡೆದು ಜಾಗ ಅಗಲ ಮಾಡಿ, ನನ್ನ ಕೈಯಾರೆ ಶಟರ್ ಕೂರಿಸಿದೆ. ಕಿತ್ತ ಬಾಗಿಲನ್ನು ಬಚ್ಚಲಮನೆ ಹಿಂದೆ ಒರಗಿಸಿದೆ. ಸೈಟಿನವನು ವಿಮಾನದ ಚಿತ್ರವಿದ್ದ ಬೋರ್ಡು ಹಾಕಿದ.

ಕೆಲವು ತಿಂಗಳಾದ ಮೇಲೆ ಗೌರಿಬಿದನೂರಿಗೆ ಹೋದೆ. ತಗಡಿನ ಸೂರಿನ ಒಂದು ಕೋಣೆ. ಹೂ ತರಲು ಅವಳು ಮೊದಲ ಬಸ್ಸಿಗೆ ಚಿಕ್ಕಬಳ್ಳಾಪುರದ ಮಾರ್ಕೆಟ್ಟಿಗೇ ಬರುತ್ತಿದ್ದಳಂತೆ, ನಮ್ಮ ಮನೆಗೆ ಮಾತ್ರ ಬರುತ್ತಿರಲಿಲ್ಲ. ಊರು ಹೇಗಿದೆ ಎಂದೆ.

"ಬಾಡಿಗೆ ಅರ್ಧ, ನಿಜ. ಹೂವಿಗೂ ಅರ್ಧಾನೇ ಕೊಡ್ತಾರೆ. ಇದು ಅಗ್ಗದ ಊರು ಅಂತ ಅಕ್ಕಿ ಅಂಗಡಿಯೋನಿಗೂ ಬಸ್ಸಿನೋನಿಗೂ ಯಾರೂ ಹೇಳಿಲ್ಲ ಕಣಪ್ಪ."

ಅಗ್ಗದ ಊರಿಗೆ ಹೋಗಿ ಬದುಕಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಪಾತ್ರೆ, ಚಾಪೆ ಟೆಂಪೋಗೆ ಹೇರಬಹುದು. ಹೆಸರು ಹಿಡಿದು ಕೂಗುತ್ತಾ ಬರುವ ಗಿರಾಕಿಗಳನ್ನು ಯಾವ ಟೆಂಪೋಗೆ ಹೇರುವುದು? ಹಾಗೆ ಹೇಳುವವರು ತಾವು ಮಾತ್ರ ಕೂತ ಕಡೆಯಿಂದ ಏಳುವುದಿಲ್ಲ. ನಾನೂ ಎದ್ದಿರಲಿಲ್ಲ.

ವಿಮಾನಗಳು ಹಾರತೊಡಗಿದ ಮೇಲೆ ಸೈಟಿನ ವ್ಯಾಪಾರ ಕುಸಿಯಿತು. ಆಫೀಸಿನವನು ಹೇಳದೆ ಕೇಳದೆ ಹೊರಟುಹೋದ. ಆಗ ಅಕ್ಕನ ನೆನಪಾಯಿತು ನನಗೆ. ಹೋಗಿ, ಕೋಣೆ ಖಾಲಿ ಇದೆ, ಬಂದುಬಿಡು ಎಂದೆ. ಅವಳು ಹೂ ಕಟ್ಟುವುದು ನಿಲ್ಲಿಸಲಿಲ್ಲ.

"ಬಾಗ್ಲು ಐತಾ?"

"ಶಟರ್ ಐತಲ್ಲಕ್ಕ, ಗಟ್ಟಿ ಮಾಲು."

"ಶಟರ್ ಎಳ್ಕೊಂಡು ಮಲಗೋಕೆ ನಾನೇನು ಅಂಗಡಿ ಸಾಮಾನೇನೋ? ಬಾಗ್ಲು ಇಟ್ಟ ದಿನ ಹೇಳು, ಬರ್ತೀನಿ."

ಈ ವಾರವೇ ಇಡುತ್ತೇನೆ ಎಂದು ಬಂದೆ. ಬಂದವನಿಗೆ ಬ್ರೋಕರ್ ಸಿಕ್ಕ. ಇನ್ನೊಂದು ಪಾರ್ಟಿ ಇದೆ, ಶಟರ್ ಇದ್ದರೇ ರೇಟು, ಸ್ವಲ್ಪ ತಡಿ ಎಂದ. ನಾನು ತಡೆದೆ. ಅಕ್ಕ ಫೋನ್ ಮಾಡಿ ಬಾಗಿಲು ಇಟ್ಟೆಯಾ ಎಂದು ಕೇಳಿದಾಗಲೆಲ್ಲ, ಮರಗೆಲಸದವನು ಸಿಗುತ್ತಿಲ್ಲ ಎಂದು ಸುಳ್ಳು ಹೇಳಿದೆ. ಪಾರ್ಟಿ ಬರಲೇ ಇಲ್ಲ. ಮಳೆಗಾಲದಲ್ಲಿ ಅಕ್ಕನಿಗೆ ಜ್ವರ ಬಂದು ಎದೆಗಿಳಿಯಿತು. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಜೀವ ಹೋಗಿತ್ತು.

ಅವಳ ಕೋಣೆಯಲ್ಲಿ ಪಾತ್ರೆಗಳನ್ನು ಸೀರೆಯಲ್ಲಿ ಗಂಟು ಕಟ್ಟಿಟ್ಟಿತ್ತು. ಯಾವಾಗ ಕಟ್ಟಿದ್ದು ಎಂದು ಮನೆಯ ಒಡತಿಯನ್ನು ಕೇಳಿದೆ. "ನೀನು ಬಂದು ಕರೆದು ಹೋದ ದಿನಾನೇ ಕಟ್ಟಿದ್ಲಪ್ಪ. ಅಡುಗೆಗೆ ಒಂದು ಪಾತ್ರೆ ಮಾತ್ರ ಹೊರಗಿಟ್ಕೊಂಡಿದ್ಲು. ನಮ್ ತಮ್ಮ ಬಾಗ್ಲು ಇಡ್ತಾವ್ನೆ ಅಂತ ಎಲ್ಲರ ಹತ್ರ ಹೇಳ್ಕೊಂಡು ಓಡಾಡ್ತಿದ್ಲು" ಎಂದಳು.

ಹೆಣದ ಮೇಲೆ ಹಾಕಲು ಹೂ ತಂದೆ. ಮಾರುವವಳು ಮೊಣಕೈಗೆ ಮೊದಲೇ ದಾರ ಮಡಚಿದಳು. ಕೊಸರು ಕೇಳಲು ನನಗೆ ಯಾವ ಮುಖ?

ತಿಥಿ ಮುಗಿದ ಮರುದಿನ ಶಟರ್ ಬಿಚ್ಚಿದೆ. ಬಚ್ಚಲಮನೆ ಹಿಂದಿನ ಬಾಗಿಲು ಹಾಳಾಗಿರಲಿಲ್ಲ, ಕೆಳಗೆ ಸ್ವಲ್ಪ ಗೆದ್ದಲು ಹಿಡಿದಿತ್ತು, ಅಷ್ಟೆ. ಮರಗೆಲಸದವನನ್ನು ಕರೆಯಲಿಲ್ಲ, ಉಳಿದ ಸಂದಿಗೆ ತಗಡು ಬೆಸೆದು ಬಾಗಿಲನ್ನು ನಾನೇ ಕೂರಿಸಿದೆ. ಬೆಳಗ್ಗೆ ಶುರು ಮಾಡಿದ ಕೆಲಸ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು.