ಮೊಣಕಾಲಿಗೆ ಹಚ್ಚಿದ ಹರಳೆಣ್ಣೆ

ಇದನ್ನು ಹೇಳದೆ ವರ್ಷಗಟ್ಟಲೆ ಮುಂದೂಡಿದೆ. ಇನ್ನೂ ಮುಂದೂಡಿದರೆ ನನ್ನ ಜೊತೆಗೇ ಸುಟ್ಟುಹೋಗುತ್ತದೆ.

ಆಗೆಲ್ಲ ನಾನು ಅಮೆರಿಕದ ಹರ್ನ್‌ಡನ್‌ನಲ್ಲಿ ಮಗನ ಮನೆಯಲ್ಲಿದ್ದೆ. ನಾನು ಹೇಳಹೊರಟ ಬಾಲ್ಯ ನನ್ನದಲ್ಲ, ಮೊಮ್ಮಗಳು ಮೇಘಾಳದು. ಆದರೆ ಗದಗಿನ ಓಣಿಯಲ್ಲಿ ಚಿಂದಿ ಚೆಂಡು ಒದ್ದು ಬೆಳೆದ ನನಗೆ, ಎಲೆ ಉದುರುವ ಆ ಕಾಲದಲ್ಲಿ ಅವಳ ಕೈ ಹಿಡಿದು ಮೈದಾನಕ್ಕೆ ನಡೆಯುವಾಗ ವಯಸ್ಸೇ ನೆನಪಾಗುತ್ತಿರಲಿಲ್ಲ.

ಅಲ್ಲಿನ ಫುಟ್‌ಬಾಲ್ ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು. ಚಿಕ್ಕ ಮಕ್ಕಳನ್ನು ಕೆಡವುವಂತಿಲ್ಲ. ಸೊಂಟಕ್ಕೆ ಕಟ್ಟಿದ ಪಟ್ಟಿ ಕಿತ್ತರೆ ಓಟ ಮುಗಿಯಿತು. ಕಲಿಸುತ್ತಿದ್ದ ಕೋಚ್ ಕೆರೊಲಿನಾದ ಕಾಲೇಜಿನಲ್ಲಿ ಆಡಿ ಹೆಸರು ಮಾಡಿದವನು. ಅಟ್ಲಾಂಟಾದಲ್ಲಿ ದೊಡ್ಡ ತಂಡ ಸೇರುವಷ್ಟರಲ್ಲಿ ಮೊಣಕಾಲು ಹೋಯಿತು. ಹಗಲೆಲ್ಲ ಗೋದಾಮಿನಲ್ಲಿ ದುಡಿದು ಸಂಜೆ ಪುಕ್ಕಟೆ ಕಲಿಸುತ್ತಿದ್ದ. ಆಟ ಮುಗಿದ ಮೇಲೆ ಮಕ್ಕಳಿಂದ ಚರ್ಚಿನ ಹಾಲ್‌ನಲ್ಲಿ ಬಡವರಿಗೆ ದಿನಸಿ ಚೀಲ ತುಂಬಿಸುತ್ತಿದ್ದ. ನಾನೂ ಕೈಜೋಡಿಸುತ್ತಿದ್ದೆ. ಒದ್ದೆ ಹುಲ್ಲು, ಕಿತ್ತಳೆ ಸಿಪ್ಪೆ, ನನ್ನ ಡಬ್ಬಿಯ ಶೇಂಗಾ ಚಟ್ನಿ, ಇವೇ ಆ ಸಂಜೆಗಳ ವಾಸನೆ.

"ಅಜ್ಜಾ, ಯು ಟ್ರೈಯಿಂಗ್ ಟು ಕಿಲ್ ಮಿ?" ಎಂದು ಕೋಚ್ ಖಾರಕ್ಕೆ ಕಣ್ಣೊರೆಸಿಕೊಂಡು ಇನ್ನಷ್ಟು ಚಟ್ನಿ ಕೇಳುತ್ತಿದ್ದ.

ಪ್ರತಿ ಪಂದ್ಯಕ್ಕೂ ಮುಂಚೆ ಒಂದೊಂದು ಮಗುವನ್ನೂ ಕೇಳುತ್ತಿದ್ದ, ಎಲ್ಲಾದರೂ ನೋವಿದೆಯಾ ಎಂದು. ಹೇಳಿದರೆ ಯಾರ ಜಾಗವೂ ಹೋಗುವುದಿಲ್ಲ ಎನ್ನುತ್ತಿದ್ದ.

ಕೊನೆಯ ಪಂದ್ಯದ ಹಿಂದಿನ ದಿನ ಮೇಘಾಳ ಮೊಣಕಾಲು ತಿರುಚಿ ಊದಿಕೊಂಡಿತು.

"ಅಜ್ಜಾ, ಇಟ್ ಹರ್ಟ್ಸ್. ಕೋಚ್‌ಗೆ ಹೇಳ್ಲಾ?"

"ಬ್ಯಾಡವ್ವಾ, ಕುಂದ್ರಸಿಬಿಡ್ತಾನ. ಬರೀ ಉಳುಕು ಅದು, ನಾ ತೆಗೀತೀನಿ. ಅಪ್ಪಗೂ ಹೇಳಬ್ಯಾಡ."

ಊರಲ್ಲಿ ಎಷ್ಟೋ ಜನರ ಉಳುಕು ತೆಗೆದ ಜಂಬ ನನಗೆ. ಮೊಮ್ಮಗಳು ಗೆಲ್ಲುತ್ತಾಳೆಂದು ತಮ್ಮನಿಗೆ ಫೋನಿನಲ್ಲಿ ಕೊಚ್ಚಿಕೊಂಡೂ ಆಗಿತ್ತು. ಹರಳೆಣ್ಣೆ ಬಿಸಿ ಮಾಡಿ ನೀವಿ, ಗಕ್ಕನೆ ಎಳೆದೆ. ಕೂಸು ದಿಂಬು ಕಚ್ಚಿಕೊಂಡಿತು. ಮರುದಿನ ಬಟ್ಟೆ ಬಿಗಿದು, ಮೇಲೆ ಉದ್ದ ಪ್ಯಾಂಟು ಹಾಕಿಸಿದೆ.

ಕೋಚ್ ಕೇಳಿದಾಗ ಅವಳು ನನ್ನ ಮುಖ ನೋಡಿ "ನೋ" ಅಂದಳು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಬಿದ್ದಳು. ಆ ಚೀರಾಟ ಇವತ್ತಿಗೂ ಕಿವಿಯಿಂದ ಹೋಗಿಲ್ಲ. ಕೋಚ್ ಕುಂಟುತ್ತಲೇ ಓಡಿಬಂದು ಬಟ್ಟೆ ಬಿಚ್ಚಿದ. ಎಣ್ಣೆಯ ಕಮಟು ಮೂಗಿಗೆ ಬಡಿದಿರಬೇಕು, ತಲೆಯೆತ್ತಿ ನನ್ನನ್ನೇ ನೋಡಿದ. ಅಷ್ಟರಲ್ಲಿ ಮಗ ಬಂದು ಅವನ ಮೇಲೆ ಹರಿಹಾಯ್ದ. ಊದಿದ ಕಾಲಲ್ಲಿ ಮಗುವನ್ನು ಆಡಿಸುವ ನೀನು ಎಂಥ ಕೋಚ್ ಎಂದು ಎಲ್ಲರೆದುರು ಕೂಗಾಡಿದ. ಕೋಚ್ ನನ್ನ ಮಾತಿಗಾಗಿ ಕಾದ. ನಾನು ಬಾಯಿ ಬಿಡಲಿಲ್ಲ.

"ಐ ಶುಡ್ ಹ್ಯಾವ್ ಚೆಕ್ಡ್, ಸರ್," ಅಂದ ಮಗನಿಗೆ.

ಮಗ ದೂರು ಕೊಟ್ಟ. ಕೋಚ್‌ನನ್ನು ತೆಗೆದುಹಾಕಿದರು. ತಂಡ ಚದುರಿತು, ಹಾಲ್‌ಗೆ ಹೋಗುವ ಮಕ್ಕಳೂ ಇಲ್ಲವಾದರು. ಆಪರೇಷನ್ ಆದರೂ ಮೇಘಾ ಮತ್ತೆ ಓಡಲಿಲ್ಲ. ಈಗ ಡರ್ಹಮ್‌ನ ಕಾಲೇಜಿನಲ್ಲಿ ಓದುತ್ತಾಳೆ. ಮೊನ್ನೆ ಫೋನಿನಲ್ಲಿ ಅತ್ತು ಕ್ಷಮೆ ಕೇಳಿದೆ.

"ಇಟ್ಸ್ ಓಕೆ ಅಜ್ಜಾ. ಆದ್ರೆ ಕೋಚ್‌ಗೆ ಹೇಳಿದ್ಯಾ?"

ಹೇಳಿಲ್ಲ. ಎಲ್ಲಿಗೆ ಹೋದನೋ, ನಾನು ಕೇಳಿದ ಯಾರಿಗೂ ಗೊತ್ತಿಲ್ಲ. ನನ್ನ ಮಾನ ಉಳಿಸಿ ತನ್ನ ಮೈದಾನ ಬಿಟ್ಟುಹೋದ. ಅವನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಹೆಸರು ರೋಲ್ಯಾಂಡ್.