ತೋಟೆ ಹತ್ತದ ಕೋವಿ

ಕೋವಿಗೆ ದೆವ್ವ ಹಿಡಿಯುವುದಿಲ್ಲ, ತುಕ್ಕು ಹಿಡಿಯುತ್ತದೆ. ಗಿರಾಕಿಗಳಿಗೆ ಹೇಳಿ ಹೇಳಿ ಸವೆದುಹೋದ ನನ್ನ ಮಾತು ಇದು. ಉಡುಪಿಯಲ್ಲಿ ಪರವಾನಗಿ ಇಟ್ಟುಕೊಂಡು ಕೋವಿ ರಿಪೇರಿ ಮಾಡಿ ಬದುಕಿದವನು ನಾನು. ಗುಂಡು ಹಾರದಿದ್ದರೆ ಮಾಟ, ಗುರಿ ತಪ್ಪಿದರೆ ದೈವದ ಮುನಿಸು ಎನ್ನುವವರನ್ನು ಕಂಡರೆ ಮೈ ಉರಿಯುತ್ತಿತ್ತು. ಮೊದಲು ನಳಿಗೆ ಉಜ್ಜಿ, ದರ್ಶನಕ್ಕೆ ಆಮೇಲೆ ಹೋಗಿ ಎಂದು ಗದರಿಸಿ ಕಳಿಸುತ್ತಿದ್ದೆ. ಹಾಗಾಗಿ ಈಗ ಬರೆಯುತ್ತಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ಸಮಯವಾಗಿತ್ತು. ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿ ಬೇಸಾಯ ಮಾಡಿಕೊಂಡಿದ್ದ ಲಾರೆನ್ಸರು ತಮ್ಮ ಅಪ್ಪನ ಕಾಲದ ರೈಫಲೊಂದನ್ನು ಅಂಗಡಿಗೆ ತಂದರು. ನಮ್ಮ ಕಡೆ ಬೆಳೆ ಕಾಯುವವರಲ್ಲಿ ಹೆಚ್ಚಾಗಿ ಇರುವುದು ಒಂಟಿ ನಳಿಗೆಯ ಕೋವಿ. ಇದು ಹಾಗಲ್ಲ. ಮ್ಯಾಗಜಿನ್ನಿನಲ್ಲಿ ಸಣ್ಣ ತೋಟೆಗಳನ್ನು ತುಂಬಿ, ಬೋಲ್ಟನ್ನು ಒಮ್ಮೆ ಎಳೆದು ಬಿಟ್ಟರೆ ಮೊದಲ ತೋಟೆ ನಳಿಗೆಗೆ ಹತ್ತುತ್ತದೆ. ಆಮೇಲೆ ಪ್ರತಿ ಗುಂಡು ಹಾರಿದಾಗಲೂ ಮುಂದಿನದು ತಾನಾಗಿ ಹತ್ತಬೇಕು. ಹತ್ತುತ್ತಿರಲಿಲ್ಲ. ಮ್ಯಾಗಜಿನ್ ಬಿಚ್ಚಿ ನೋಡಿದರೆ ಒಳಗೆ ತೆಂಗಿನೆಣ್ಣೆ! ಚಳಿಗೆ ಬೆಣ್ಣೆಯ ಹಾಗೆ ಹೆಪ್ಪುಗಟ್ಟಿ ಸ್ಪ್ರಿಂಗನ್ನು ಹಿಡಿದುಕೊಂಡಿತ್ತು. ತಲೆಗೂ ಅದೇ, ಬಾಗಿಲಿನ ಕೀಲಿಗೂ ಅದೇ, ಕೋವಿಗೂ ಅದೇ. ನಮ್ಮ ಊರಿನವರ ಬುದ್ಧಿ. ನಮ್ಮ ಕಡೆ ಕ್ರೈಸ್ತರನ್ನು ಕರೆಯುವ ಹಾಗೆ, “ಪೊರ್ಬುಗಳೇ, ಇದಕ್ಕೆ ಒಗ್ಗರಣೆ ಒಂದು ಬಾಕಿ ಉಂಟು” ಎಂದೆ. ಅವರೂ ನಕ್ಕರು. ತೊಳೆದು ಒಣಗಿಸಿ, ಮೆಶಿನ್ ಎಣ್ಣೆ ಒಂದು ತೊಟ್ಟು ಹಾಕಿಕೊಟ್ಟೆ. ಕೋವಿ ಸರಿಯಾಯಿತು.

ಅದೇ ವರ್ಷ ಅವರ ಒಬ್ಬನೇ ಮಗ ತೀರಿಕೊಂಡ. ಮಣಿಪಾಲದಲ್ಲಿ ಓದುತ್ತಿದ್ದವನು. ಗೆಳೆಯರ ಜತೆ ಕಾಪುವಿನ ಕಡಲತೀರಕ್ಕೆ ಹೋಗಿ, ದೀಪಸ್ತಂಭದ ಬಂಡೆಯ ಬದಿಯಲ್ಲಿ ನೀರಿಗಿಳಿದವನು ಮತ್ತೆ ಬರಲಿಲ್ಲ. ಹೋಗುವುದು ಬೇಡ ಎಂದು ತಂದೆ ಹೇಳಿದ್ದರಂತೆ. ಒಂದು ದಿನ ಹೋಗಿ ಬರಲಿ ಎಂದು ಕಳಿಸಿದವರು ತಾಯಿ, ಸೆವ್ರಿನ್ ಬಾಯಿ. ಆ ಮೇಲೆ ಗಂಡ ಹೆಂಡತಿಯ ನಡುವೆ ಮಾತು ನಿಂತಿದೆ ಎಂದು ಯಾರೋ ಹೇಳಿದ್ದು ಕೇಳಿದ್ದೆ.

ಮರುವರ್ಷ ಮೇ ತಿಂಗಳ ಸೆಕೆಯಲ್ಲಿ ಲಾರೆನ್ಸರು ಪುನಃ ಬಂದರು. ಗುರುತು ಸಿಗದಷ್ಟು ಇಳಿದುಹೋಗಿದ್ದರು. ರೈಫಲನ್ನು ಮೇಜಿನ ಮೇಲಿಟ್ಟು, “ಆಚಾರ್ರೇ, ಇದು ಕೈಕೊಟ್ಟಿತು” ಎಂದರು.

“ಪುನಃ ತೆಂಗಿನೆಣ್ಣೆಯಾ?”

ಅವರು ನಗಲಿಲ್ಲ. “ಮುಸ್ಸಂಜೆಗೆ ಮರಗೆಣಸಿನ ಹತ್ತಿರ ಹಂದಿ ಬಂದಿದೆ ಅಂತ ಗ್ರಹಿಸಿ ಹೋದದ್ದು. ಕಪ್ಪಗೆ ಎಂತದೋ ಕಂಡಿತು. ಬೋಲ್ಟ್ ಎಳೆದೆ, ತೋಟೆ ಹತ್ತಲಿಲ್ಲ. ಮ್ಯಾಗಜಿನ್ ತೆಗೆದು ಹಾಕಿದೆ, ಆಗಲೂ ಹತ್ತಲಿಲ್ಲ. ಮತ್ತೆ ನೋಡಿದರೆ ಅದು ಸೆವ್ರಿನ್, ಮಾರಾಯ್ರೆ. ನನ್ನ ಹೆಂಡತಿ.” ರೈಫಲನ್ನು ನನ್ನ ಕಡೆ ಸರಿಸಿ ಹೇಳಿದರು: “ಎಂತ ಕಾರಣ ಅಂತ ನೀವು ಹೇಳ್ಬೇಕು. ಸ್ಪ್ರಿಂಗೋ, ಎಣ್ಣೆಯೋ, ಎಂತದ್ದಾದರೂ ಆಗಲಿ. ಕಾರಣ ಗೊತ್ತಾಗದೆ ನನಗೆ ನಿದ್ರೆ ಇಲ್ಲ.”

ಕಾರಣ ಹುಡುಕುವುದು ನನ್ನ ಹೊಟ್ಟೆಪಾಡು. ಮ್ಯಾಗಜಿನ್ನಿನ ಬಾಯಿ ಬಾಗಿದ್ದರೆ ತೋಟೆ ಓರೆಯಾಗಿ ಏಳುತ್ತದೆ, ಬಾಗಿರಲಿಲ್ಲ. ಸ್ಪ್ರಿಂಗ್ ಸೋತಿರಲಿಲ್ಲ. ತೋಟೆಯನ್ನು ಮೇಲೆತ್ತುವ ತಗಡು ನುಣ್ಣಗೆ ಜಾರುತ್ತಿತ್ತು. ಮ್ಯಾಗಜಿನ್ ಹಿಡಿಯುವ ಕೊಂಡಿ ಭದ್ರವಾಗಿತ್ತು. ಎಣ್ಣೆಯ ಜಿಡ್ಡಿಲ್ಲ, ಮರಳಿನ ಕಣವಿಲ್ಲ. ಅಂಗಡಿಯ ಹಿಂದೆ ಹೊಯಿಗೆ, ಅಂದರೆ ಮರಳು, ತುಂಬಿಸಿದ ಗುಂಡಿಯೊಂದಿತ್ತು, ಪರೀಕ್ಷೆಗೆಂದು. ಅದಕ್ಕೆ ಹೊಡೆದು ನೋಡಿದೆ. ಒಂದಾದರೂ ತೋಟೆ ಸಿಕ್ಕಿಕೊಳ್ಳಬೇಕಲ್ಲ? ಇಲ್ಲ. ಲಾರೆನ್ಸರ ಕಣ್ಣೇ ಮಂಜಾಗಿರಬೇಕು, ಕೈಯೂ ನಡುಗಿರಬೇಕು ಎಂದು ತೀರ್ಮಾನಿಸಿದೆ.

ಎರಡು ದಿನ ಬಿಟ್ಟು ಸೆವ್ರಿನ್ ಬಾಯಿ ಒಬ್ಬರೇ ಬಂದರು. ಕೊಡೆ ಮಡಚಿ ಬೆಂಚಿನ ಮೇಲೆ ಕುಳಿತು, ಸರಿಯಾಯಿತಾ ಎಂದು ಕೇಳಿದರು.

“ಹಾಳಾಗಿಯೇ ಇಲ್ಲ ಬಾಯಮ್ಮ. ನಿಮ್ಮ ಆಯುಷ್ಯ ಗಟ್ಟಿ.”

“ಟಾರ್ಚಿನ ವಿಷಯ ಅವರು ಹೇಳಿದ್ದಾರಾ?”

“ಯಾವ ಟಾರ್ಚು?”

“ನನ್ನ ಕೈಯಲ್ಲಿ ಟಾರ್ಚ್ ಇತ್ತು ಆಚಾರ್ರೇ. ಉರೀತಾ ಇತ್ತು. ನಾನು, ನಾನು ಅಂತ ಹೇಳಿದೆ ಕೂಡ.”

ಅಲ್ಲಿಯವರೆಗೆ ಹೊಳೆಯದ ಇನ್ನೊಂದು ಸಂಗತಿ ಆಗ ಹೊಳೆಯಿತು. ತೋಟೆ ಸಿಕ್ಕಿಕೊಂಡರೆ ಮ್ಯಾಗಜಿನ್ ಕಳಚಬೇಕು, ಕೋವಿಯನ್ನು ಅಲ್ಲಾಡಿಸಿ ತೋಟೆ ಬೀಳಿಸಬೇಕು, ಪುನಃ ಜೋಡಿಸಿ ಬೋಲ್ಟ್ ಎಳೆಯಬೇಕು. ಸಾಕಷ್ಟು ಸದ್ದಿನ ಕೆಲಸ. ಅಷ್ಟು ಹೊತ್ತು ಯಾವ ಹಂದಿಯೂ ನಿಂತುಕೊಂಡು ಕಾಯುವುದಿಲ್ಲ. ಬೇಟೆಯ ಮನೆಯಲ್ಲೇ ಬೆಳೆದ ಲಾರೆನ್ಸರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಅಂದರೆ ಎರಡನೆಯ ಸಲ ಬೋಲ್ಟ್ ಎಳೆಯುವಾಗ ಎದುರಿಗಿದ್ದದ್ದು ಯಾರೆಂದು ಅವರಿಗೆ ಗೊತ್ತಿತ್ತು.

ಪೊಲೀಸರಿಗೆ ಹೇಳೋಣ ಎಂದೆ. ಸೆವ್ರಿನ್ ಬಾಯಿ ಬೇಡವೆಂದು ತಲೆಯಾಡಿಸಿದರು. “ಕೋವಿ ತೆಗೆದುಕೊಂಡು ಹೋಗಲಿಕ್ಕೆ ನಮ್ಮವರು ಬರುವಾಗ ನಾನೂ ಬರ್ತೇನೆ” ಎಂದಷ್ಟೇ ಹೇಳಿ ಹೊರಟರು. ಸರಿಯಿರುವ ರೈಫಲನ್ನು ಆ ಮನುಷ್ಯನ ಕೈಗೆ ನಾನೇ ಕೊಡಬೇಕಾಗಿತ್ತು. ಲೈಸೆನ್ಸ್ ಅವರದು, ಕೋವಿ ಅವರದು. ಕೊಡುವುದಿಲ್ಲ ಎನ್ನಲು ನಾನು ಯಾರು? ಮ್ಯಾಗಜಿನ್ನಿನ ಬಾಯಿಯನ್ನು ಇಕ್ಕಳದಲ್ಲಿ ತುಸು ತಿರುಚಿ, ಇದು ಕೆಟ್ಟಿತು ಎಂದುಬಿಡೋಣ ಎಂದು ಇಕ್ಕಳ ಕೈಗೆತ್ತಿಕೊಂಡೆ ಕೂಡ. ಸರಿಯಿದ್ದದ್ದನ್ನು ಕೆಡಿಸಿ ಅಭ್ಯಾಸವಿಲ್ಲದ ಕೈ, ಮುಂದೆ ಹೋಗಲಿಲ್ಲ. ಇದನ್ನು ನೀವು ನೆನಪಿಡಬೇಕು: ನಾನು ಅದಕ್ಕೆ ಏನೂ ಮಾಡಿರಲಿಲ್ಲ.

ಶನಿವಾರ ಬೆಳಿಗ್ಗೆ ಇಬ್ಬರೂ ಬಂದರು. ಹೊಯಿಗೆ ಗುಂಡಿಯ ಬಳಿ ಲಾರೆನ್ಸರ ಎದುರೇ ನಾನು ಹೊಡೆದು ತೋರಿಸಿದೆ. ಎಲ್ಲ ತೋಟೆಗಳೂ ಹತ್ತಿದವು. “ನನಗೆ ಕೊಡಿ” ಎಂದರು. ಒಂದೇ ಒಂದು ತೋಟೆ ಹಾಕಿ ಕೊಟ್ಟೆ. ನಳಿಗೆಯನ್ನು ಹೊಯಿಗೆಯ ಕಡೆ ಹಿಡಿದು ಅವರು ಬೋಲ್ಟ್ ಎಳೆದು ಬಿಟ್ಟರು. ತೋಟೆ ಹತ್ತಲಿಲ್ಲ. ಅದರ ಮೂತಿ ನಳಿಗೆಯ ಬಾಯಿಗೆ ಒತ್ತಿ ನಿಂತಿತ್ತು. ನಾನು ಬಿಡಿಸಿ, ಅದೇ ತೋಟೆಯನ್ನು ಅದೇ ಮ್ಯಾಗಜಿನ್ನಿಗೆ ಹಾಕಿ ಎಳೆದೆ. ಸಲೀಸಾಗಿ ಹತ್ತಿತು. ತೆಗೆದು ಅವರಿಗೆ ಕೊಟ್ಟೆ. ಹತ್ತಲಿಲ್ಲ. ಹೆದರಿದ ಕೈ ಬೋಲ್ಟನ್ನು ಪೂರ್ತಿ ಬಿಡುವುದಿಲ್ಲ, ಅದರ ಜತೆಗೇ ಮುಂದೆ ಹೋಗುತ್ತದೆ. ಆಗ ತೋಟೆ ನಿಲ್ಲುವುದುಂಟು. ಅದಕ್ಕೇ ಅವರ ಬೆರಳುಗಳನ್ನೇ ನೋಡುತ್ತಾ ನಿಂತೆ. ಅವರು ಪೂರ್ತಿ ಎಳೆದು ಪೂರ್ತಿ ಬಿಡುತ್ತಿದ್ದರು, ನಾನು ಬಿಡುವ ಹಾಗೆಯೇ. ಮತ್ತೂ ಕೊಟ್ಟೆ. ಮತ್ತೂ ಹತ್ತಲಿಲ್ಲ. ನನಗೆ ಭಯವಾಯಿತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಬಾಗಿಲ ಬಳಿ ನಿಂತಿದ್ದ ಸೆವ್ರಿನ್ ಬಾಯಿ ಆಗ ಮಾತಾಡಿದರು. “ಇನ್ನೊಮ್ಮೆ ಎಳೆದು ನೋಡಿ” ಎಂದರು ಗಂಡನಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ. ನನಗೂ ಅರ್ಥವಾಗಲಿ ಎಂದೋ ಏನೋ, ಕೊಂಕಣಿ ಬಿಟ್ಟು ಕನ್ನಡದಲ್ಲೇ ಹೇಳಿದರು.

ಲಾರೆನ್ಸರು ಎಳೆಯಲಿಲ್ಲ. ರೈಫಲನ್ನು ನನ್ನ ಕೈಗಿಟ್ಟು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತರು. ಮುಖ ಮುಚ್ಚಿಕೊಂಡು, “ನನಗೆ ಇದು ಬೇಡ” ಎಂದರು. ಆ ಕೋವಿಯನ್ನು ಮುಂದೆ ಕಾಗದಪತ್ರ ಮಾಡಿ ಠಾಣೆಗೆ ಒಪ್ಪಿಸಿದ್ದಾಯಿತು. ಅದಕ್ಕೆ ಮೊದಲು ನಾನು ಎಷ್ಟೋ ಸಲ ಬಿಚ್ಚಿ ಜೋಡಿಸಿದೆ, ಗೊತ್ತಿದ್ದವರಿಗೆಲ್ಲ ತೋರಿಸಿದೆ. ಯಾರ ಕೈಯಲ್ಲೂ ಅದು ಒಮ್ಮೆಯೂ ತಡೆಯಲಿಲ್ಲ.

ಅಂದು ಹೊರಡುವಾಗ ಸೆವ್ರಿನ್ ಬಾಯಿ ಒಂದು ಹೆಜ್ಜೆ ಹಿಂದೆ ಉಳಿದು ಮೆಲ್ಲಗೆ ಕೇಳಿದರು, “ನಿಮ್ಮ ಕೈಯಲ್ಲಿ ಹತ್ತಿತಲ್ವಾ?”

“ಹೌದು ಬಾಯಮ್ಮ.”

“ಹಾಗಾದರೆ ಅವರು ಪುನಃ ಕೇಳಿಕೊಂಡು ಬಂದರೆ ಕೊಡಬೇಡಿ. ಒಂದು ಸಲ ತಡೆದದ್ದು ಪ್ರತಿ ಸಲ ತಡೀತದೆ ಅಂತ ಉಂಟಾ?”

ಕಾರ್ಕಳದ ಬಸ್ಸು ಬಂತು. ಲಾರೆನ್ಸರು ಹತ್ತಿ ಹಿಂದಿನ ಸೀಟೊಂದರಲ್ಲಿ ಕುಳಿತರು. ಬಸ್ಸು ಅರ್ಧ ಖಾಲಿಯಿತ್ತು. ಮುಂದೆ ಹೆಂಗಸರ ಸೀಟುಗಳೂ ಖಾಲಿ ಇದ್ದವು. ಆಕೆ ಅವನ್ನೆಲ್ಲ ದಾಟಿ ಹಿಂದೆ ಹೋಗಿ ಗಂಡನ ಪಕ್ಕದಲ್ಲಿ ಕುಳಿತರು. ಕೋವಿಯ ಗುಟ್ಟನ್ನಾದರೂ ನನಗಿಂತ ಬಲ್ಲವರು ಯಾರಾದರೂ ಎಂದಾದರೂ ಬಿಡಿಸಿ ಹೇಳಿಯಾರು. ಇದನ್ನು ಯಾರನ್ನು ಕೇಳಲಿ?